ಬೋರ್ಡಿನ ಮೇಲಿನ ಫೀಸು ನೋಡಿ ಹೆದರಬೇಡ ಮಾರಾಯ

ಮಾರಾಯ,

ನಿನ್ನೆ ರಾತ್ರಿ ನೀನು ಕಳಿಸಿದ ವಾಯ್ಸ್ ಮೆಸೇಜ್ ಎರಡು ಸಲ ಕೇಳಿದೆ. ಮಗನಿಗೆ ಇಲ್ಲಿ ಅಮೆರಿಕದ ಷಾರ್ಲೆಟ್ ಊರಿನ ಪಕ್ಕದ ಬೆಲ್ಮಾಂಟ್ ಆ್ಯಬಿ ಇಷ್ಟವಾಗಿದೆ, ಜೊತೆಗೆ ಅಂಥದ್ದೇ ಇನ್ನೂ ನಾಲ್ಕು ಸಣ್ಣ ಕ್ಯಾಥೊಲಿಕ್ ಕಾಲೇಜುಗಳ ಪಟ್ಟಿ ಮಾಡಿದ್ದಾನೆ, ಅದರಲ್ಲಿ ಒಂದರ ವೆಬ್‌ಸೈಟ್ ತೆಗೆದರೆ ವರ್ಷಕ್ಕೆ 60 ಸಾವಿರ ಡಾಲರ್ ಅಂತ ಇದೆ, "ಇವರಿಗೆ ತಲೆ ಸರಿ ಉಂಟಾ" ಅಂತ ಕೇಳಿದ್ದೀಯ. ಫೋನಲ್ಲಿ ಹೇಳಿದರೆ ನೀನು ಅರ್ಧ ಮರೀತೀಯ. ಇದೇ ಪ್ರಶ್ನೆಯನ್ನು ಇಲ್ಲಿ ಮೂರ್ನಾಲ್ಕು ಮನೆಯವರು ಕೇಳಿದ್ದಾರೆ. ಹಾಗಾಗಿ ಎಲ್ಲರಿಗೂ ಕಾಣುವ ಹಾಗೆ ಬರೆದು ಹಾಕುತ್ತಿದ್ದೇನೆ, ಬೇಜಾರು ಮಾಡ್ಕೋಬೇಡ.

ನಾವಿಬ್ಬರೂ ಮಂಗಳೂರಿನ ಅಲೋಶಿಯಸ್‌ನಲ್ಲಿ ಪಿಯುಸಿ ಸೇರಿದ ದಿನ ನೆನಪಿದೆಯಾ? ಲೈಟ್‌ಹೌಸ್ ಹಿಲ್ ಹತ್ತಿ ಬೆವರು ಒರೆಸಿಕೊಂಡು ಕ್ಯೂ ನಿಂತೆವು. ಕೌಂಟರಿನವರು ಹೇಳಿದಷ್ಟು ಅಪ್ಪ ಎಣಿಸಿ ಕೊಟ್ಟರು. ಅಷ್ಟೇ. ಫೀಸು ಅಂದರೆ ಬಸ್ ಟಿಕೆಟ್ ಇದ್ದ ಹಾಗೆ, ಅದರಲ್ಲಿ ಚೌಕಾಸಿ ಅನ್ನೋದೇ ಇಲ್ಲ ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಆಮೇಲೆ ಇಂಜಿನಿಯರಿಂಗ್ ಹೊತ್ತಿಗೆ ಇನ್ನೊಂದು ಪಾಠ ಕಲಿತೆವು. ಬೋರ್ಡಿನ ಮೇಲೆ ಒಂದು ಫೀಸು, ಒಳಗೆ ಹೋದರೆ ಅದರ ಮೇಲೆ ಡೊನೇಷನ್. ಇಲ್ಲಿ ಅದು ಪೂರ್ತಿ ಉಲ್ಟಾ. ಬೋರ್ಡಿನ ಮೇಲೆ ದೊಡ್ಡ ಮೊತ್ತ ಬರೆದಿರುತ್ತಾರೆ, ಒಳಗೆ ಹೋದ ಮೇಲೆ ಇಳಿಸುತ್ತಾರೆ. ನಮ್ಮೂರಿನ ಆಷಾಢ ಸೇಲ್ ಇದ್ದ ಹಾಗೆ ಅಂತ ತಿಳ್ಕೊ. ಆದರೆ ಇದು ವರ್ಷವಿಡೀ ನಡೆಯುತ್ತೆ.

ಸುಮ್ನೆ ಹೇಳ್ತಿಲ್ಲ. ಕಾಲೇಜುಗಳ ಹಣಕಾಸು ಅಧಿಕಾರಿಗಳ ಸಂಘಟನೆ ನಾಕುಬೊ ಪ್ರತಿವರ್ಷ ಇದರ ಸರ್ವೆ ಮಾಡುತ್ತೆ. ಖಾಸಗಿ ಕಾಲೇಜುಗಳು ಮೊದಲ ವರ್ಷದ ಮಕ್ಕಳಿಗೆ ಕೊಡುವ ರಿಯಾಯಿತಿ ಸರಾಸರಿ ಟ್ಯೂಷನ್ನಿನ, ಅಂದರೆ ಓದಿನ ಫೀಸಿನ, ಅರ್ಧಕ್ಕಿಂತ ಜಾಸ್ತಿ. ಹಾಗಿದ್ದರೆ ಮೊದಲೇ ಅರ್ಧ ಬೆಲೆ ಬರೀಬಹುದಲ್ಲ ಅಂತೀಯ. ಕೆಲವರು ಬರೆದೂ ನೋಡಿದ್ದಾರೆ. ನಿನ್ನ ಮಗ ಮೆಚ್ಚಿದ ಬೆಲ್ಮಾಂಟ್ ಆ್ಯಬಿಯೇ 2013ರಲ್ಲಿ ಟ್ಯೂಷನ್ನನ್ನು 27 ಸಾವಿರ ಚಿಲ್ಲರೆಯಿಂದ 18,500ಕ್ಕೆ ಇಳಿಸಿತ್ತು. ಪೆನ್ಸಿಲ್ವೇನಿಯಾದಲ್ಲಿ ನಮ್ಮ ಮನೆ ಹತ್ತಿರದ ರೋಸ್‌ಮಾಂಟ್ ಕಾಲೇಜು 2016ರಲ್ಲಿ 32,620ರಿಂದ ಅದೇ 18,500ಕ್ಕೆ ಇಳಿಸಿತು. ಆದರೆ ಜನರ ಮನಸ್ಸು ವಿಚಿತ್ರ. "ನಿಮ್ಮ ಮಗಳಿಗೆ ವರ್ಷಕ್ಕೆ 24 ಸಾವಿರ ಡಾಲರ್ ಸ್ಕಾಲರ್‌ಶಿಪ್" ಅಂತ ಪತ್ರ ಬಂದರೆ ಆಗುವ ಖುಷಿ, "ನಮ್ಮ ಫೀಸೇ ಕಮ್ಮಿ" ಅಂದರೆ ಆಗೋದಿಲ್ಲ. ನಾನೂ ಆ ಪತ್ರದ ಫೋಟೊ ತೆಗೆದು ಊರಿಗೆಲ್ಲ ಕಳಿಸಿದವನೇ. ಪ್ರತಿಭಾ ಪುರಸ್ಕಾರ ಬಂದಿದೆ ಅಂತ ಅತ್ತೆ ದೇವಸ್ಥಾನದಲ್ಲಿ ಹಣ್ಣುಕಾಯಿ ಮಾಡಿಸಿದರು. ಸೇರಿದ ಹೆಚ್ಚಿನ ಮಕ್ಕಳಿಗೆಲ್ಲ ಏನಾದರೊಂದು ಪುರಸ್ಕಾರ ಇದ್ದೇ ಇರುತ್ತೆ ಅಂತ ಅವರಿಗೆ ನಾನು ಇವತ್ತಿಗೂ ಹೇಳಿಲ್ಲ.

ನಮ್ಮ ಕಥೆ ಹೇಳ್ತೀನಿ, ಆಮೇಲೆ ನಿನ್ನದಕ್ಕೆ ಬರ್ತೀನಿ. ಎರಡರ ನಡುವೆ ಒಂದು ದೊಡ್ಡ ವ್ಯತ್ಯಾಸ ಇದೆ.

ನಿನಗೆ ಗ್ರೀನ್ ಕಾರ್ಡ್ ಬಂತು. ನಾನಿನ್ನೂ ಕೆಲಸದ ವೀಸಾ ಎಚ್‌-1ಬಿಯಲ್ಲೇ ಇದ್ದೇನೆ. ಮಗಳು ನಾಲ್ಕು ವರ್ಷದವಳಿದ್ದಾಗ ಬಂದವಳು, ಮನೆಯವರಿಗೆ ಕೊಡುವ ವೀಸಾ ಎಚ್‌-4ರಲ್ಲಿ ಇದ್ದಾಳೆ. ಇಲ್ಲೇ ಎಲ್‌ಕೆಜಿಯಿಂದ ಹನ್ನೆರಡನೇ ಕ್ಲಾಸಿನವರೆಗೆ ಓದಿದರೂ ಅವಳಿಗೆ ಫೆಡರಲ್ ಸರ್ಕಾರದ ಒಂದು ಡಾಲರ್ ನೆರವೂ ಇಲ್ಲ. ಕಮ್ಮಿ ಆದಾಯದವರಿಗೆ ಕೊಡುವ ಪೆಲ್ ಗ್ರಾಂಟ್ ಇಲ್ಲ, ಸ್ಟೂಡೆಂಟ್ ಲೋನ್ ಇಲ್ಲ. ಎಚ್‌-4 ಮಕ್ಕಳು ಕೆಲಸ ಮಾಡೋ ಹಾಗಿಲ್ಲ, ಆದ್ದರಿಂದ ಲೈಬ್ರರಿಯಲ್ಲಿ ಪುಸ್ತಕ ಜೋಡಿಸಿ ನಾಲ್ಕು ಕಾಸು ಮಾಡ್ಕೊಳ್ಳೋಣ ಅಂದರೆ ಅದೂ ಇಲ್ಲ. 21 ತುಂಬುವ ಮೊದಲು ವಿದ್ಯಾರ್ಥಿ ವೀಸಾ ಎಫ್‌-1ಗೆ ಬದಲಾಯಿಸಬೇಕು. ಪೆನ್ ಸ್ಟೇಟ್ ಸರ್ಕಾರಿ ಕಾಲೇಜು ಅಲ್ವಾ, ಅಗ್ಗ ಇರಬಹುದು ಅಂದುಕೊಂಡಿದ್ದೆ. ಅದರ ದೊಡ್ಡ ಕ್ಯಾಂಪಸ್ಸಿಗೆ ಹಾಸ್ಟೆಲ್ ಸೇರಿಸಿದರೆ ನಮ್ಮ ರಾಜ್ಯದವರಿಗೇ ವರ್ಷಕ್ಕೆ 30 ಸಾವಿರ ದಾಟುತ್ತೆ.

ಆಗ ಗೊತ್ತಾಗಿದ್ದು, ಕಾಲೇಜು ತನ್ನ ಕೈಯಿಂದ ಕೊಡುವ ದುಡ್ಡಿಗೆ ಸರ್ಕಾರದ ವೀಸಾ ಲೆಕ್ಕ ಇಲ್ಲ ಅಂತ. ಅದು ಅವರದೇ ರಿಯಾಯಿತಿ, ಯಾರಿಗೆ ಬೇಕಾದರೂ ಕೊಡಬಹುದು. ಸಣ್ಣ ಖಾಸಗಿ ಕಾಲೇಜುಗಳಿಗೆ ಮಕ್ಕಳು ಬೇಕು, ಅದೂ ಒಳ್ಳೆ ಮಾರ್ಕ್ಸ್ ಇರೋ ಮಕ್ಕಳು ಬೇಕು. ಮಗಳು ಆರು ಕಡೆ ಹಾಕಿದಳು. ಅದರಲ್ಲಿ ಒಂದು ಕಾಲೇಜು ಅವಳನ್ನು ವಿದೇಶಿ ವಿದ್ಯಾರ್ಥಿ ಅಂತ ಪಟ್ಟಿಗೆ ಸೇರಿಸಿ, ನಾಲ್ಕು ವರ್ಷದ ಖರ್ಚಿಗೆ ಬ್ಯಾಂಕ್ ಬ್ಯಾಲೆನ್ಸ್ ತೋರಿಸಿ ಅಂತ ಫಾರಂ ಕಳಿಸಿತು. ನಮ್ಮ ಮನೆಯಿಂದ 40 ನಿಮಿಷದ ದಾರಿ ಆ ಕಾಲೇಜು! ಫೋನ್ ಮಾಡಿದರೆ ಒಬ್ಬರು ಇನ್ನೊಬ್ಬರ ಕಡೆ ತಿರುಗಿಸಿದರು, ಅವರು ಮತ್ತೆ ಮೊದಲನೆಯವರ ಕಡೆ. ನಾನು ಕೈಬಿಟ್ಟೆ. ಇನ್ನೊಂದು ಕಾಲೇಜಿನಲ್ಲಿ ಅಡ್ಮಿಷನ್ ಆಫೀಸಿನ ಹೆಂಗಸು ಒಂದೇ ಸಲಕ್ಕೆ, "ಇಲ್ಲೇ ಹೈಸ್ಕೂಲ್ ಓದಿದ್ದಾಳಲ್ಲ, ನಮಗೆ ಅವಳು ಇಲ್ಲಿಯವಳೇ" ಅಂದುಬಿಟ್ಟರು. ಹೆಂಡತಿ ಫೋನ್ ಇಟ್ಟು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮಗಳು ಓದ್ತಿರೋದು ಅಲ್ಲೇ. ಹೆಸರು ಇಲ್ಲಿ ಬೇಡ, ನಿನಗೆ ಗೊತ್ತಲ್ಲ. ಲೆಕ್ಕ ಹೇಳ್ತೀನಿ ಕೇಳು. ಮೊದಲ ವರ್ಷದ ಟ್ಯೂಷನ್ 42,000, ಮೇಲೆ ಚಿಲ್ಲರೆ ಫೀಸು 1,500. ಹಾಸ್ಟೆಲ್ಲೂ ಊಟವೂ ಸೇರಿ ಇನ್ನೊಂದು 16,000. ಅವರು ಕೊಟ್ಟಿದ್ದು 24,000. ನಾನು ಇನ್ನೊಂದು ಕಾಲೇಜಿನ ಪತ್ರ ಲಗತ್ತಿಸಿ, ನಮಗೆ ಫೆಡರಲ್ ಲೋನ್ ಕೂಡ ಸಿಗೋದಿಲ್ಲ, ಏನಾದರೂ ಮಾಡೋಕಾಗುತ್ತಾ ಅಂತ ಮರ್ಯಾದೆಯಿಂದ ಒಂದು ಇಮೇಲ್ ಬರೆದೆ. ಹತ್ತು ದಿನ ಬಿಟ್ಟು 3,000 ಏರಿಸಿದರು. ಮಗಳು ಮನೆಯಿಂದಲೇ ಓಡಾಡುತ್ತಾಳೆ, ಹಾಸ್ಟೆಲ್ ಖರ್ಚು ಹೋಯಿತು. ಕೈಯಿಂದ ಕಟ್ಟಿದ್ದು 16,500. ಬೋರ್ಡಿನ ಮೇಲೆ ಇದ್ದದ್ದು 59,500, ಗೊತ್ತಾಯ್ತಾ?

ಆದರೆ ಇಲ್ಲೊಂದು ಗುಟ್ಟಿದೆ. ಸ್ಕಾಲರ್‌ಶಿಪ್ ನಾಲ್ಕೂ ವರ್ಷ ಅಷ್ಟೇ ಇರುತ್ತೆ, ಫೀಸು ಮಾತ್ರ ಪ್ರತಿವರ್ಷ ಏರುತ್ತೆ. ಎರಡನೇ ವರ್ಷ ಟ್ಯೂಷನ್ ನೂರಕ್ಕೆ ನಾಲ್ಕು ಏರಿತು, ಅಂದರೆ 1,680 ಡಾಲರ್. ಅದು ಪೂರ್ತಿ ನಮ್ಮ ಜೇಬಿನಿಂದಲೇ ಹೋಯಿತು. ನಾವು ಕಟ್ಟುವ ಮೊತ್ತದಲ್ಲಿ ಅದು ನೂರಕ್ಕೆ ಹತ್ತು ಏರಿದ ಹಾಗೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ, ನಾನು ಕೇಳಿರಲೂ ಇಲ್ಲ. ನೀನು ಕೇಳು. ಜೊತೆಗೆ ಸ್ಕಾಲರ್‌ಶಿಪ್ ಉಳಿಸಿಕೊಳ್ಳೋಕೆ ಜಿಪಿಎ ಎಷ್ಟು ಇರಬೇಕು, ಒಂದು ಸೆಮಿಸ್ಟರ್ ಬಿದ್ದರೆ ಮತ್ತೆ ಸಿಗುತ್ತಾ ಅಂತಲೂ ಕೇಳು.

ಈಗ ನಿನ್ನ ವಿಷಯ. ಗ್ರೀನ್ ಕಾರ್ಡ್ ಇದ್ದವರ ಮಕ್ಕಳಿಗೆ ಫ್ಯಾಫ್ಸಾ, ಅಂದರೆ ಸರ್ಕಾರಿ ನೆರವಿನ ಅರ್ಜಿ, ತೆರೆದಿದೆ. ಅಕ್ಟೋಬರ್‌ನಲ್ಲಿ ಫಾರಂ ಬಂದ ಕೂಡಲೇ ತುಂಬು. ನಿನ್ನ ಸಂಬಳಕ್ಕೆ ಪೆಲ್ ಗ್ರಾಂಟ್ ಬರೋದಿಲ್ಲ, ಆಸೆ ಬಿಡು. ಆದರೆ ಮಗನ ಹೆಸರಿನಲ್ಲೇ ಸರ್ಕಾರಿ ಲೋನ್ ಸಿಗುತ್ತೆ. ಮೊದಲ ವರ್ಷ 5,500, ಎರಡನೆಯದಕ್ಕೆ 6,500, ಆಮೇಲೆ 7,500ರಂತೆ ಎರಡು ವರ್ಷ. ಒಟ್ಟು 27 ಸಾವಿರ. ಅಷ್ಟು ಸಾಲ ಅವನ ತಲೆ ಮೇಲೆ ಇದ್ದರೆ ಪರವಾಗಿಲ್ಲ ಅಂತ ನನ್ನ ಅಭಿಪ್ರಾಯ, ಓದಿನ ಮೇಲೆ ಸ್ವಲ್ಪ ಗಮನವೂ ಇರುತ್ತೆ. ಅಪ್ಪ ಅಮ್ಮ ತೆಗೆಯುವ ಪೇರೆಂಟ್ ಪ್ಲಸ್ ಲೋನ್ ಮಾತ್ರ ಹುಷಾರು. ಮೊದಲು ಅದಕ್ಕೆ ಮಿತಿಯೇ ಇರಲಿಲ್ಲ, ಖರ್ಚು ಎಷ್ಟೋ ಅಷ್ಟೂ ಕೊಡುತ್ತಿದ್ದರು. 2026ರ ಜುಲೈ 1ರಿಂದ ಒಂದು ಮಗುವಿಗೆ ವರ್ಷಕ್ಕೆ 20 ಸಾವಿರ, ಒಟ್ಟು 65 ಸಾವಿರ ಅಂತ ಮಿತಿ ಹಾಕಿದ್ದಾರೆ. ಕೆಲವು ಕಾಲೇಜುಗಳು ಪತ್ರದಲ್ಲಿ ಸ್ಕಾಲರ್‌ಶಿಪ್ಪಿನ ಕೆಳಗೇ ಈ ಲೋನನ್ನೂ ಬರೆದು, ಎಲ್ಲ ಕೂಡಿಸಿ "ನೆರವು" ಅಂತ ತೋರಿಸುತ್ತವೆ. ಸಾಲ ಯಾವತ್ತಿನಿಂದ ನೆರವಾಯಿತೋ ಕಾಣೆ. ಪೆನ್ ತಗೊಂಡು ಲೋನ್ ಸಾಲುಗಳನ್ನು ಮೊದಲು ಹೊಡೆದುಹಾಕು, ಉಳಿದದ್ದೇ ನಿಜವಾದ ಲೆಕ್ಕ.

ಫ್ಯಾಫ್ಸಾ ಎರಡು ವರ್ಷ ಹಿಂದಿನ ಟ್ಯಾಕ್ಸ್ ನೋಡುತ್ತೆ. ಮಗ 2027ರ ಫಾಲ್‌ಗೆ ಸೇರಿದರೆ ನಿನ್ನ 2025ರ ಆದಾಯ ಲೆಕ್ಕಕ್ಕೆ ಬರುತ್ತೆ. ನಿನ್ನ ನಿವೃತ್ತಿ ಉಳಿತಾಯದ 401ಕೆ ಖಾತೆ, ವಾಸದ ಮನೆ ಕೇಳೋದಿಲ್ಲ. ಆದರೆ ಮೈಸೂರಿನಲ್ಲಿ ನೀನು ತೆಗೆದಿಟ್ಟ ಸೈಟು? ಅದನ್ನು ತೋರಿಸಬೇಕು. ವಿದೇಶದ ಆಸ್ತಿಯೂ ಲೆಕ್ಕಕ್ಕಿದೆ. ನಿನ್ನ ಅಪ್ಪನ ಹೆಸರಲ್ಲಿರುವ ಅಡಿಕೆ ತೋಟ ನಿನ್ನದಲ್ಲ, ಅದನ್ನು ಬಿಡು. ಇಬ್ಬರು ಮಕ್ಕಳು ಒಟ್ಟಿಗೆ ಕಾಲೇಜಿನಲ್ಲಿದ್ದರೆ ಮೊದಲು ಸಿಗುತ್ತಿದ್ದ ಅನುಕೂಲವನ್ನು ಫ್ಯಾಫ್ಸಾ ಲೆಕ್ಕದಿಂದ 2024ರಲ್ಲಿ ತೆಗೆದುಹಾಕಿದರು, ನಿನ್ನ ಚಿಕ್ಕ ಮಗಳನ್ನು ನೆನೆಸಿಕೊಂಡು ಆಸೆ ಪಡಬೇಡ. ಅರ್ಜಿ ಹಾಕೋಕೆ ಮೊದಲೇ ಅಂದಾಜು ಬೇಕಿದ್ದರೆ ಪ್ರತಿ ಕಾಲೇಜಿನ ವೆಬ್‌ಸೈಟಿನಲ್ಲಿ ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್ ಇರುತ್ತೆ. 2011ರಿಂದ ಕಾನೂನೇ ಹಾಗಿದೆ. ಎಲ್ಲೋ ಮೂಲೆಯಲ್ಲಿ ಇಟ್ಟಿರುತ್ತಾರೆ, ಹುಡುಕು.

ಅಡ್ಮಿಷನ್ ಬಗ್ಗೆ ನೀನು ಅಷ್ಟು ತಲೆ ಕೆಡಿಸಿಕೊಳ್ಳಬೇಡ. ಸಾಧಾರಣ ಒಳ್ಳೆ ಮಾರ್ಕ್ಸ್ ಇದ್ದವರಿಗೆ ಇಂಥ ಹೆಚ್ಚಿನ ಕಾಲೇಜುಗಳಲ್ಲಿ ಸೀಟು ಸಿಗುತ್ತೆ. ತುಂಬಾ ಕಡೆ ಪ್ರವೇಶ ಪರೀಕ್ಷೆ ಎಸ್‌ಎಟಿ ಕಡ್ಡಾಯವೂ ಇಲ್ಲ, ಆದರೆ ಸ್ಕೋರು ಚೆನ್ನಾಗಿದ್ದರೆ ಕಳಿಸು. ಬೇಗ ಅರ್ಜಿ ಹಾಕೋಕೆ ಎರಡು ದಾರಿ ಇವೆ. ಅರ್ಲಿ ಆ್ಯಕ್ಷನ್ ಹಾಕು, ಅರ್ಲಿ ಡಿಸಿಷನ್ ಬೇಡವೇ ಬೇಡ. ಎರಡನೆಯದರಲ್ಲಿ ಸೀಟು ಸಿಕ್ಕರೆ ಬಂದೇ ಬರ್ತೀನಿ ಅಂತ ಮೊದಲೇ ಸಹಿ ಹಾಕಿರ್ತೀಯ, ಆಮೇಲೆ ಚೌಕಾಸಿ ಮಾಡೋಕೆ ಕೈಯಲ್ಲಿ ಏನಿರುತ್ತೆ? ಸಣ್ಣ ಕಾಲೇಜಿನವರು ಹುಡುಗ ಬಂದು ನೋಡಿಕೊಂಡು ಹೋದನಾ, ಇಮೇಲಿಗೆ ಉತ್ತರ ಕೊಟ್ಟನಾ ಅಂತಲೂ ಗಮನಿಸ್ತಾರೆ. ಮಗನಿಗೆ ಹೇಳು, ಅವರ ಇಮೇಲ್ ನೋಡದೆ ಅಳಿಸಬೇಡ ಅಂತ.

ಇನ್ನು ನನ್ನ ನಿದ್ದೆ ಕೆಡಿಸಿದ್ದು ಬೇರೆ. ಫೀಸು ಇಳಿಸಿದ ರೋಸ್‌ಮಾಂಟ್ ಬಗ್ಗೆ ಹೇಳಿದೆನಲ್ಲ? 1921ರಲ್ಲಿ ಸಿಸ್ಟರ್‌ಗಳು ಶುರು ಮಾಡಿದ ಕಾಲೇಜು. 2025ರಲ್ಲಿ ಪಕ್ಕದ ವಿಲನೋವಾ ವಿಶ್ವವಿದ್ಯಾಲಯದ ಜೊತೆ ಸೇರಿಹೋಗುವುದಾಗಿ ಹೇಳಿತು. ಅದರ ಹತ್ತಿರದ ಕಬ್ರೀನಿ ವಿಶ್ವವಿದ್ಯಾಲಯ 2024ರಲ್ಲಿ ಬಾಗಿಲು ಹಾಕಿತು. ಅದರ ಕ್ಯಾಂಪಸ್ಸೂ ವಿಲನೋವಾದ ಪಾಲಾಯಿತು. ಅದೇ ವರ್ಷ ಆಲ್ಬನಿಯ ಸೇಂಟ್ ರೋಸ್, ಒಹಾಯೋದ ನೋಟರ್ ಡೇಮ್ ಕಾಲೇಜು ಎರಡೂ ಮುಚ್ಚಿದವು. ಒಹಾಯೋದ್ದು ಇಂಡಿಯಾನದ ದೊಡ್ಡ ನೋಟರ್ ಡೇಮ್ ಅಲ್ಲ, ಗಾಬರಿ ಬೇಡ. 2007ರ ನಂತರ ಈ ದೇಶದಲ್ಲಿ ಹುಟ್ಟುವ ಮಕ್ಕಳ ಸಂಖ್ಯೆ ಇಳಿಯಿತು, ಆಗ ಹುಟ್ಟದ ಮಕ್ಕಳು ಈಗ ಕಾಲೇಜಿಗೆ ಬರ್ತಾ ಇಲ್ಲ. ಫೀಸನ್ನೇ ನಂಬಿಕೊಂಡು, ದೊಡ್ಡ ದತ್ತಿ ನಿಧಿ ಇಲ್ಲದ ಸಣ್ಣ ಕಾಲೇಜುಗಳಿಗೆ ಅದರ ಪೆಟ್ಟು ಮೊದಲು. ಸಂಬಳ ಇಲ್ಲದೆ ದುಡಿಯುತ್ತಿದ್ದ ಸಿಸ್ಟರ್‌ಗಳು, ಫಾದರ್‌ಗಳು ಈಗ ತರಗತಿಯಲ್ಲಿ ಕಮ್ಮಿ. ಅವರ ಜಾಗಕ್ಕೆ ಬಂದವರಿಗೆ ಸಂಬಳ ಕೊಡಬೇಕು. ಆದ್ದರಿಂದ ರಿಯಾಯಿತಿ ತುಂಬಾ ಜಾಸ್ತಿ ಕೊಟ್ಟರೆ ಖುಷಿಪಡು, ಜೊತೆಗೆ ಸ್ವಲ್ಪ ಅನುಮಾನವೂ ಇರಲಿ. ಐದು ವರ್ಷದಿಂದ ಮಕ್ಕಳ ಸಂಖ್ಯೆ ಏರುತ್ತಿದೆಯಾ ಇಳಿಯುತ್ತಿದೆಯಾ ಕೇಳು. ಯಾವ ಕೋರ್ಸುಗಳನ್ನು ನಿಲ್ಲಿಸಿದ್ದಾರೆ ಕೇಳು. ಕ್ಯಾಂಪಸ್ ತೋರಿಸುವ ಹುಡುಗ ಹುಡುಗಿಯರು ತಡವರಿಸುತ್ತಾರೆ, ಆಗ ಆಫೀಸಿನವರನ್ನೇ ಕೇಳು.

ನಿನ್ನ ಅಮ್ಮನಿಗೆ ಇರುವ ಚಿಂತೆಯೂ ಗೊತ್ತು. ನನ್ನ ಅಮ್ಮ ತೀರ್ಥಹಳ್ಳಿಯಿಂದ ಫೋನ್ ಮಾಡಿ, "ಹುಡುಗೀನ ಮತಾಂತರ ಮಾಡಿಬಿಟ್ರೆ?" ಅಂದಿದ್ದಳು. ಅಲೋಶಿಯಸ್‌ನಲ್ಲಿ ಎರಡು ವರ್ಷ ಓದಿದ ನಾನು ಏನಾದೆ ಅಮ್ಮ ಅಂದೆ. "ನೀನು ಅಲ್ಲಿ ಓದಿದ್ದು ಎಲ್ಲಿ?" ಅಂದಳು, ಅದೂ ನಿಜವೇ. ಮಗಳ ಕಾಲೇಜಿನಲ್ಲಿ ಚರ್ಚಿನ ಪೂಜೆಗೆ ಬರಲೇಬೇಕು ಅಂತ ಏನಿಲ್ಲ. ಥಿಯಾಲಜಿ, ಫಿಲಾಸಫಿ ಕೋರ್ಸು ಮಾತ್ರ ಎಲ್ಲರಿಗೂ ಕಡ್ಡಾಯ. ಈಗ ಅವಳು ಊಟಕ್ಕೆ ಕೂತಾಗ ಸಂತ ಅಗಸ್ಟೀನ್ ಹೀಗೆ ಹೇಳಿದ, ಶಂಕರರು ಏನು ಹೇಳ್ತಾರೆ ಅಂತ ನನ್ನನ್ನು ಕೇಳ್ತಾಳೆ. ನಾನು ಇನ್ನೊಂದು ದೋಸೆ ಹಾಕು ಅಂತ ಮಾತು ತಿರುಗಿಸ್ತೀನಿ.

ಒಂದು ತಮಾಷೆ ಗೊತ್ತಾ, ಬೆಲ್ಮಾಂಟ್ ಆ್ಯಬಿಯನ್ನು 1876ರಲ್ಲಿ ಕಟ್ಟಿದವರು ನಮ್ಮ ಪೆನ್ಸಿಲ್ವೇನಿಯಾದ ಲಟ್ರೋಬಿನ ಸೇಂಟ್ ವಿನ್ಸೆಂಟ್ ಮಠದಿಂದ ಹೋದ ಬೆನೆಡಿಕ್ಟೈನ್ ಸನ್ಯಾಸಿಗಳು. ಸೇಂಟ್ ವಿನ್ಸೆಂಟ್‌ನಲ್ಲೂ ಕಾಲೇಜಿದೆ. ಮಗನ ಪಟ್ಟಿಗೆ ಅದನ್ನೂ ಸೇರಿಸು. ಲಟ್ರೋಬ್ ನಮ್ಮಲ್ಲಿಂದ ನಾಲ್ಕು ಗಂಟೆ ಮೇಲಾಗುತ್ತೆ, ಆದರೂ ಬಂದರೆ ನಾನೇ ಕಾರು ಓಡಿಸ್ತೀನಿ.

ಪತ್ರಗಳು ಬರೋಕೆ ಶುರುವಾದಾಗ ಎಲ್ಲದರ ಫೋಟೊ ತೆಗೆದು ಕಳಿಸು, ಕೂತು ನೋಡೋಣ. ಹಿಂದಿನ ಸಲ ಸಂಬಳದ ಸ್ಲಿಪ್ ಕಳಿಸುವಾಗ ಮಾಡಿದ ಹಾಗೆ ಮೊತ್ತದ ಮೇಲೆ ಹೆಬ್ಬೆರಳಿಟ್ಟು ಮುಚ್ಚಬೇಡ ಮತ್ತೆ.

ನಿನ್ನ
ಹಳೇ ಬೆಂಚ್‌ಮೇಟ್