ಕೀಲಿಕೈಯ ಚಿತ್ರ ಅಚ್ಚಿಗೆ ಹೋಗುವ ಮುನ್ನ

ಮಾನ್ಯರೇ,

ಹೊಸ ಮನೆಯ ಬಾಗಿಲ ಮುಂದೆ ನಿಂತು, ಕೀಲಿಕೈಯನ್ನು ಕ್ಯಾಮೆರಾದತ್ತ ಚಾಚಿ ತೆಗೆಸಿಕೊಂಡ ಚಿತ್ರಗಳು ಈಗ ವಾಟ್ಸ್‌ಆ್ಯಪ್ ಸ್ಟೇಟಸ್‌ಗಳಲ್ಲಿ, ಬಿಲ್ಡರ್‌ಗಳ ಜಾಹೀರಾತುಗಳಲ್ಲಿ, ಪತ್ರಿಕೆಗಳಲ್ಲಿಯೂ ಕಾಣಸಿಗುತ್ತವೆ. ಆ ಸಂಭ್ರಮಕ್ಕೆ ಯಾರ ಆಕ್ಷೇಪವೂ ಇರಲಾರದು. ಆದರೆ ಕೀಲಿಕೈಯ ಹಲ್ಲುಗಳು ಎದ್ದು ಕಾಣುವ ಚಿತ್ರವನ್ನು ಹಂಚಿಕೊಳ್ಳುವುದು ಎಟಿಎಂ ಪಿನ್ ಅನ್ನು ಹಂಚಿಕೊಂಡಷ್ಟೇ ಅಪಾಯಕಾರಿ ಎಂಬ ಅರಿವು ನಮ್ಮಲ್ಲಿ ಇನ್ನೂ ಮೂಡಿಲ್ಲ.

ಸಾಮಾನ್ಯ ಸಿಲಿಂಡರ್ ಬೀಗದ (ಕೀಲಿಕೈ ತೂರಿಸುವ ಭಾಗ ಉರುಳೆಯಂತಿರುವ ಬೀಗ) ಕೀಲಿಕೈಯಲ್ಲಿ ಐದಾರು ಕಚ್ಚುಗಳಿರುತ್ತವೆ. ತಯಾರಕರು ಅವುಗಳನ್ನು ಮನಬಂದ ಆಳಕ್ಕೆ ಕೊರೆಯುವುದಿಲ್ಲ. ನಿಗದಿಪಡಿಸಿದ ಕೆಲವೇ ಹಂತಗಳಲ್ಲಿ ಕೊರೆಯುತ್ತಾರೆ. ಆದ್ದರಿಂದ ಚಿತ್ರ ನೋಡುವವನು ಕೂದಲೆಳೆಯಷ್ಟು ನಿಖರವಾಗಿ ಅಳೆಯಬೇಕಿಲ್ಲ, ಪ್ರತಿ ಕಚ್ಚು ಯಾವ ಹಂತದ್ದೆಂದು ಗುರುತಿಸಿದರೆ ಐದಾರು ಅಂಕಿಗಳ ಒಂದು ಸಂಖ್ಯೆ ಸಿಗುತ್ತದೆ, ಆ ಸಂಖ್ಯೆಯಿಂದ ಮೂಲ ಕೀಲಿಕೈಯನ್ನು ಮುಟ್ಟದೆಯೇ ನಕಲು ಕೊರೆಯಬಹುದು. ಹಿಂದೆ ಸೋಪಿನ ಮೇಲೆ ಅಚ್ಚು ತೆಗೆಯಬೇಕಾದರೂ ಕಳ್ಳನಿಗೆ ಕೀಲಿಕೈ ಒಂದು ಕ್ಷಣ ಕೈಗೆ ಸಿಗಬೇಕಿತ್ತು.

ಇದು ಬರೀ ಊಹೆಯಲ್ಲ. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲೇ ಇದನ್ನು ಮಾಡಿ ತೋರಿಸಿದರು. ಕೆಫೆಯ ಮೇಜಿನ ಮೇಲಿದ್ದ ಕೀಲಿಕೈಗಳನ್ನು ಸುಮಾರು 60 ಮೀಟರ್ ದೂರದ ಕಟ್ಟಡವೊಂದರ ತಾರಸಿಯಿಂದ ಟೆಲಿಫೋಟೊ ಲೆನ್ಸ್ ಬಳಸಿ ಸೆರೆಹಿಡಿದು, ಓರೆಯಾಗಿ ಬಿದ್ದ ಕೋನವನ್ನು ತಂತ್ರಾಂಶದ ಮೂಲಕ ಸರಿಪಡಿಸಿ, ಕಚ್ಚುಗಳ ಆಳವನ್ನು ಓದಿದರು. ಇಂದು ಜೇಬಿನಲ್ಲಿರುವ ಫೋನುಗಳೇ ಹಲವು ಪಟ್ಟು ಹಿಗ್ಗಿಸಿ ಚಿತ್ರ ತೆಗೆಯುತ್ತವೆ.

ಪತ್ರಿಕೆಯವರು ವಿಶೇಷವಾಗಿ ಗಮನಿಸಬೇಕಾದ ಇನ್ನೊಂದು ಪ್ರಕರಣವಿದೆ. ವಿಮಾನ ಪ್ರಯಾಣಿಕರ ಸೂಟ್‌ಕೇಸ್‌ಗಳನ್ನು ತಪಾಸಣೆಗೆ ತೆರೆಯಲು ಅಮೆರಿಕದ ಸಾರಿಗೆ ಭದ್ರತಾ ಸಂಸ್ಥೆ ಟಿಎಸ್‌ಎ ಬಳಸುವ ಮಾಸ್ಟರ್ ಕೀಲಿಕೈಗಳ ಚಿತ್ರವನ್ನು ‘ವಾಷಿಂಗ್ಟನ್ ಪೋಸ್ಟ್’ 2014ರಲ್ಲಿ ವರದಿಯೊಂದರ ಜೊತೆ ಪ್ರಕಟಿಸಿತು. ಮುಂದೆ ಚಿತ್ರವನ್ನು ತೆಗೆದುಹಾಕಿದರೂ ಫಲವಾಗಲಿಲ್ಲ; 2015ರಲ್ಲಿ ಆ ಕೀಲಿಕೈಗಳ ತ್ರಿ-ಡಿ ಮುದ್ರಣದ ಕಡತಗಳು ಅಂತರ್ಜಾಲದಲ್ಲಿ ಹರಿದಾಡಿದವು, ಮುದ್ರಿಸಿದ ಪ್ಲಾಸ್ಟಿಕ್ ಕೀಲಿಕೈಗಳು ಬೀಗಗಳನ್ನು ತೆರೆದೂಬಿಟ್ಟವು. ನಮ್ಮ ಊರುಗಳಿಂದ ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೊರಡುವ ಹಿರಿಯರ ಸೂಟ್‌ಕೇಸ್‌ಗಳಲ್ಲೂ ಇರುವುದು ಇಂಥವೇ ಬೀಗಗಳು. ಬೆಲೆಬಾಳುವ ವಸ್ತುಗಳನ್ನು ಅವುಗಳ ಭರವಸೆಯ ಮೇಲೆ ಇಡಬಾರದು.

ಪಾಸ್‌ವರ್ಡ್ ಬಯಲಾದರೆ ನಿಮಿಷದಲ್ಲಿ ಬದಲಿಸಬಹುದು, ಮನೆಯ ಬೀಗ ಹಾಗಲ್ಲ. ಬಾಗಿಲಿನ ಸಂಖ್ಯೆಯೂ ಕಾಣುವಂತೆ ಕೀಲಿಕೈಯ ಚಿತ್ರವನ್ನು ಈಗಾಗಲೇ ಹಂಚಿಕೊಂಡವರು ಅದನ್ನು ಅಳಿಸಿ ಸುಮ್ಮನಾಗದೆ, ಬೀಗದ ಸಿಲಿಂಡರನ್ನಾದರೂ ಬದಲಾಯಿಸುವುದು ಒಳ್ಳೆಯದು. ಬಹಳಷ್ಟು ಬೀಗಗಳಲ್ಲಿ ಇಡೀ ಬೀಗ ಕೀಳದೆ ಅದೊಂದನ್ನೇ ಬದಲಿಸಲು ಬರುತ್ತದೆ. ಬೀರುವಿನ ಕೀಲಿಕೈಯ ಮೇಲೆ ಒತ್ತಿರುವ ಸಂಖ್ಯೆಯನ್ನೂ ಯಾರಿಗೂ ತೋರಿಸಬಾರದು, ಏಕೆಂದರೆ ನಕಲು ಮಾಡಲು ಕೆಲವೊಮ್ಮೆ ಅದೊಂದೇ ಸಾಕಾಗುತ್ತದೆ.

ವಸತಿ ಯೋಜನೆಗಳ ಸಮಾರಂಭಗಳಲ್ಲಿ ಅಧಿಕಾರಿಗಳು ಫಲಾನುಭವಿಗಳಿಗೆ ರಟ್ಟಿನ ದೊಡ್ಡ ಕೀಲಿಕೈಯನ್ನು ಕೊಟ್ಟು ಚಿತ್ರ ತೆಗೆಸಿದರೆ ಸಾಕು, ನಿಜವಾದದ್ದನ್ನು ಲಕೋಟೆಯಲ್ಲಿಟ್ಟು ಕೊಡಲಿ. ಮಕ್ಕಳ ಮುಖಗಳನ್ನು ಮಸುಕುಗೊಳಿಸುವ ಎಚ್ಚರವನ್ನು ಪತ್ರಿಕೆಗಳು ಈಗಾಗಲೇ ರೂಢಿಸಿಕೊಂಡಿವೆ. ಕೀಲಿಕೈಯ ಹಲ್ಲುಗಳಿಗೂ ಅದೇ ನಿಯಮವನ್ನು ತಮ್ಮ ಪತ್ರಿಕೆ ಅನ್ವಯಿಸಬೇಕೆಂದು ಕೋರುತ್ತೇನೆ.

– ಓರ್ವ ಓದುಗ, ಮೈಸೂರು