ಬೆಳಿಗ್ಗೆ ದಾಟಿದ ಬೈಕ್ ಸಂಜೆ ಯಾಕೆ ದಾಟಬಾರದು?

ಮಾನ್ಯ ಸಂಪಾದಕರೇ,

ತದಡಿ–ಅಘನಾಶಿನಿ ತಾರಿಯಲ್ಲಿ, ಅಂದರೆ ಹೊಳೆ ದಾಟಿಸುವ ದೋಣಿಯಲ್ಲಿ, ಬೈಕ್ ಸಾಗಣೆ ನಿಲ್ಲಿಸಿದ ಸುದ್ದಿ ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಓದಿದೆ. ‘ಪ್ರಯಾಣಿಕರ ಸುರಕ್ಷತೆಯ ದೃಷ್ಟಿಯಿಂದ’, ‘ಪರ್ಯಾಯ ರಸ್ತೆ ಬಳಸಿ ಸಹಕರಿಸಬೇಕು’ ಅಂತೆಲ್ಲ ಬಂದಿದೆ. ಆ ದಿನ ಸಂಜೆ ಧಕ್ಕೆಯ (ದೋಣಿಕಟ್ಟೆಯ) ಮೇಲೆ ಸಹಕರಿಸುತ್ತ ನಿಂತವರಲ್ಲಿ ನಾನೂ ಒಬ್ಬ. ಹಾಗಾಗಿ ನನ್ನದನ್ನೂ ಸ್ವಲ್ಪ ಕೇಳಿ.

ನಾನು ಅಘನಾಶಿನಿ ಊರಿನವನು. ಬೆಳಿಗ್ಗೆ ಎಂಟಕ್ಕೆ ಇದೇ ದೋಣಿಗೆ ಇದೇ ಬೈಕ್ ಹತ್ತಿಸಿಕೊಂಡು ಆಚೆ ದಡಕ್ಕೆ ಹೋದೆ. ಗೋಕರ್ಣದಲ್ಲಿ ಅಕ್ಕನ ಮನೆಯ ಕೆಲಸ ಮುಗಿಸಿ ಸಂಜೆ ತದಡಿಗೆ ಬಂದರೆ ದೋಣಿಯ ಹುಡುಗ ಕೈ ಅಡ್ಡ ಹಿಡಿದ.

‘ಬೈಕ್ ಇಲ್ಲ ಅಣ್ಣ. ಜನ ಮಾತ್ರ.’

‘ಬೆಳಿಗ್ಗೆ ನೀನೇ ಹತ್ತಿಸಿಕೊಂಡಿದ್ದೆಯಲ್ಲ ಮಾರಾಯ?’

‘ಬೆಳಿಗ್ಗೆ ಆರ್ಡರ್ ಬಂದಿರ್ಲಿಲ್ಲ.’

ಅವನ ತಪ್ಪೇನಿಲ್ಲ, ಪಾಪ. ಆದರೆ ಬೆಳಿಗ್ಗೆ ಸುರಕ್ಷಿತವಾಗಿದ್ದ ಬೈಕ್ ಸಂಜೆಗೆ ಅಪಾಯಕಾರಿ ಆಗಿದ್ದು ಹೇಗೆ? ಮಧ್ಯಾಹ್ನ ಅಕ್ಕನ ಮನೆಯಲ್ಲಿ ಊಟ ಮಾಡಿದ್ದು ನಾನು, ಬೈಕ್ ಅಲ್ಲ. ಹೋಗಲಿ, ನಿಲ್ಲಿಸುವುದಿದ್ದರೆ ಬೆಳಿಗ್ಗೆಯೇ ನಿಲ್ಲಿಸಬೇಕಿತ್ತು. ಇಲ್ಲವೇ ದಾಟಿಹೋದ ಬೈಕುಗಳು ವಾಪಸು ಬಂದ ಮೇಲೆ ನಿಲ್ಲಿಸಬೇಕಿತ್ತು. ಈಚೆ ದಡದ ಬೈಕ್ ಆಚೆ ಸಿಕ್ಕಿಕೊಂಡಿದೆಯಾ ಅಂತ ಒಬ್ಬರಾದರೂ ಕೇಳಬೇಡವಾ?

ಮಧ್ಯಾಹ್ನ ಒಂದು ಬೈಕ್ ಜಾರಿತು, ‘ಸವಾರನ ಅಜಾಗರೂಕತೆ’ ಅಂತ ವರದಿಯಲ್ಲಿದೆ. ದೋಣಿಗೆ ಬೈಕ್ ಹತ್ತಿಸುವ ಹಲಗೆಯ ಬಗ್ಗೆ ಮಾತ್ರ ಒಂದು ಸಾಲೂ ಇಲ್ಲ. ನಾನು ಹೇಳುತ್ತೇನೆ. ಭರತಿ ಇದ್ದಾಗ ದೋಣಿ ಧಕ್ಕೆಯ ಮಟ್ಟಕ್ಕೇ ಬರುತ್ತದೆ, ಏನೂ ತೊಂದರೆ ಇಲ್ಲ. ಇಳಿತ ಬಂತೆಂದರೆ ದೋಣಿ ಸೊಂಟದಷ್ಟು ಕೆಳಗೆ ಹೋಗುತ್ತದೆ. ನಡುವೆ ಒಂದೂವರೆ ಗೇಣು ಅಗಲದ ಒಂದು ಹಲಗೆ. ಅದರ ಒಂದು ಅಂಚು ಕುಂಬಾಗಿದೆ, ಅದಕ್ಕೆ ಹಳೇ ಬಲೆಯ ಹಗ್ಗ ಸುತ್ತಿದ್ದಾರೆ. ಹಲಗೆ ಮೇಲೆ ಬೈಕ್, ಪಕ್ಕದಲ್ಲಿ ಪಾಚಿ ಹಿಡಿದ ಮೆಟ್ಟಿಲ ಮೇಲೆ ನಾವು. ಮುಂದಿನ ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆ. ಬಿಟ್ಟರೆ ಬೈಕ್ ಸೀದಾ ಮೀನುಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರ ಮೈಮೇಲೆ. ಒಬ್ಬ ಹ್ಯಾಂಡಲ್ ಹಿಡಿಯಬೇಕು, ಒಬ್ಬ ಹಿಂದಿನಿಂದ ಜಗ್ಗಬೇಕು. ಮೂರನೆಯವನ ಕೆಲಸ ಸುಮ್ನೆ ಕೂಗುವುದು. ದೋಣಿಯೊಳಗೆ ಬೈಕ್ ಕಟ್ಟಲು ಒಂದು ಕೊಂಡಿ ಇಲ್ಲ. ಗೇರ್ ಹಾಕಿ, ಎರಡೂ ಕಡೆ ಕಾಲು ಊರಿಕೊಂಡು, ದಡ ಬರುವ ತನಕ ಸೀಟಿನ ಮೇಲೆ ಕೂತಿರಬೇಕು. ಇದು ಅಜಾಗರೂಕತೆಯಾ ಸ್ವಾಮಿ? ಸರ್ಕಸ್ಸಿನಲ್ಲಿ ಇದಕ್ಕೆ ಟಿಕೆಟ್ ಇಡುತ್ತಾರೆ. ನಾವು ಮಾತ್ರ ಸರ್ಕಸ್ ಮಾಡಿ, ಬೈಕಿಗೊಂದು ನಮಗೊಂದು ಟಿಕೆಟ್ಟನ್ನೂ ನಾವೇ ತೆಗೆಯುತ್ತೇವೆ.

ಒಂದು ಒಳ್ಳೆ ಹಲಗೆ, ನಾಲ್ಕು ಕೊಂಡಿ, ಎಂಟು ಮಾರು ಹಗ್ಗ. ಇಷ್ಟು ತರುವುದಕ್ಕಿಂತ ಆರ್ಡರ್ ಬರೆಯುವುದು ಸುಲಭ, ಅಲ್ವಾ?

ಇನ್ನು ‘ಪರ್ಯಾಯ ರಸ್ತೆ’. ತದಡಿ ಧಕ್ಕೆಯ ಮೇಲೆ ನಿಂತರೆ ನಮ್ಮ ಕೇರಿಯ ದೀಪ ಕಾಣುತ್ತದೆ. ಹೆಂಡತಿ ಫೋನಿನಲ್ಲಿ, ‘ಅಲ್ಲೇ ಇದ್ದೀರಲ್ಲ, ಬನ್ನಿ, ಅನ್ನಕ್ಕಿಡ್ತೇನೆ’ ಅಂದಳು. ಹತ್ತು ನಿಮಿಷದ ನೀರು. ಆ ನೀರಿಗಾಗಿ ನಾನು ಮಾದನಗೇರಿ, ಹಿರೇಗುತ್ತಿ, ಮಿರ್ಜಾನ್, ದೀವಗಿ ಸೇತುವೆ, ಕುಮಟಾ ಪೇಟೆ, ಆಮೇಲೆ ಬಾಡ, ಕಾಗಾಲ ಅಂತ ಹತ್ತಿರ ಹತ್ತಿರ 40 ಕಿ.ಮೀ. ಸುತ್ತಿದೆ. ಹಿರೇಗುತ್ತಿಗೆ ಬರುವಾಗ ಗುಡುಗಿನ ಮಳೆ ಹಿಡಿಯಿತು. ಎದುರಿಂದ ಲಾರಿ ಲೈಟು, ಹೆಲ್ಮೆಟ್ ಗಾಜಿಗೆ ನೀರು. ಅಕ್ಕ ಕಟ್ಟಿಕೊಟ್ಟ ಹಲಸಿನ ಹಪ್ಪಳ ಮನೆ ತಲುಪುವ ಹೊತ್ತಿಗೆ ನೆನೆದು ಎಲ್ಲ ಸೇರಿ ಒಂದೇ ಹಪ್ಪಳ ಆಗಿತ್ತು. ಬೈಕಿನ ಪ್ಲಗ್ಗಿಗೆ ನೀರು ಹೋಗಿ ಕಾಗಾಲದಿಂದ ತಳ್ಳಿಕೊಂಡು ಬಂದೆ. ಮರುದಿನ ಗ್ಯಾರೇಜಿನವನಿಗೂ ಸಹಕರಿಸಿದ್ದಾಯಿತು. ತಮಾಷೆ ಏನೆಂದರೆ ಎರಡೂ ದಡ ಕುಮಟಾ ತಾಲೂಕೇ. ಒಂದೇ ತಾಲೂಕಿನೊಳಗೆ ಮನೆಗೆ ಹೋಗಲು ತಾಲೂಕು ಕೇಂದ್ರಕ್ಕೆ ಪ್ರದಕ್ಷಿಣೆ ಹಾಕಬೇಕು.

ಈ ಸಾಹೇಬರುಗಳ ವಿಷಯ ನಮಗೆ ಹೊಸದಲ್ಲ. ಹಿಂದೊಮ್ಮೆ ಧಕ್ಕೆಗೆ ಒಂದು ದೀಪ ಹಾಕಿಸಿ ಅಂತ ಅರ್ಜಿ ಕೊಟ್ಟಿದ್ದೆವು. ಒಂದು ಕಚೇರಿಯವರು ‘ನೀರಿನದ್ದು ನಮ್ಮದು, ದೀಪದ್ದಲ್ಲ’ ಅಂದರು. ಇನ್ನೊಂದು ಕಚೇರಿಯವರು ‘ದೀಪದ್ದು ನಮ್ಮದು, ಧಕ್ಕೆಯದ್ದಲ್ಲ’ ಅಂದರು. ಮೂರನೇ ಕಡೆ ಆಧಾರ್ ಜೆರಾಕ್ಸ್ ಕೇಳಿದರು. ಬಲ್ಬಿಗೆ! ಕೊಟ್ಟೆವು. ಜೆರಾಕ್ಸ್ ಅಲ್ಲೇ ಇರಬೇಕು, ದೀಪ ಇನ್ನೂ ಬಂದಿಲ್ಲ.

ತದಡಿ ಅಂದರೆ ದೊಡ್ಡ ದೊಡ್ಡ ಯೋಜನೆಗಳ ಹೆಸರು. ಉಷ್ಣ ವಿದ್ಯುತ್ ಸ್ಥಾವರ ಅಂದರು, ಬಂದರು ಅಂದರು. ಸ್ಥಾವರ ಬೇಡ ಅಂತ ನಮ್ಮ ಜನವೇ ನಿಂತರು, ಅದು ಬೇರೆ ಮಾತು. 2024ರಲ್ಲಿ ನಮ್ಮ ಅಳಿವೆ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಸಂತೋಷವೇ. ಬಳಚಿಗೂ (ಚಿಪ್ಪುಮೀನಿಗೂ) ಹಕ್ಕಿಗೂ ಅಂತರರಾಷ್ಟ್ರೀಯ ಮಾನ್ಯತೆ ಬಂತು, ದಡದ ಮನುಷ್ಯನಿಗೆ ಒಂದು ಹಲಗೆ ಬರಲಿಲ್ಲ. ಅದೇ ವರ್ಷ ಆಗಸ್ಟಿನಲ್ಲಿ ಕಾರವಾರದ ಕಾಳಿ ಹಳೇ ಸೇತುವೆ ಲಾರಿ ಸಮೇತ ನೀರಿಗೆ ಬಿತ್ತು. ಅದಕ್ಕೂ ಮೊದಲು ಜುಲೈನಲ್ಲಿ ಶಿರೂರು ಗುಡ್ಡ ಹೆದ್ದಾರಿ ಮೇಲೆ ಕುಸಿಯಿತು. ಆವಾಗೆಲ್ಲ ಈ ‘ಸುರಕ್ಷತೆಯ ದೃಷ್ಟಿ’ ಎಲ್ಲಿ ನೋಡುತ್ತಿತ್ತು? ಈಗ ನನ್ನ ಹಳೇ ಬೈಕ್ ಮೇಲೆ ಬಿತ್ತು ನೋಡಿ.

ಆದ್ದರಿಂದ ಸಂಬಂಧಪಟ್ಟವರು ಕೂಡಲೇ ತಾರಿಯಲ್ಲಿ ಬೈಕ್ ಬಿಡಬೇಕು. ಇಲ್ಲದಿದ್ದರೆ ಗಂಗಾವಳಿ–ಮಂಜಗುಣಿಯಲ್ಲಿ ಮೊದಲಿದ್ದ ಹಾಗೆ ವಾಹನ ಸಾಗಿಸುವ ಬಾರ್ಜ್ ಹಾಕಲಿ. ಅಥವಾ ಸೇತುವೆಯನ್ನೇ ಕಟ್ಟಲಿ, ಶರಾವತಿ ಹಿನ್ನೀರಿಗೆ ಸಿಗಂದೂರಿನ ಹತ್ತಿರ 2025ರಲ್ಲಿ ಆಯ್ತಲ್ಲ. ಸೇತುವೆ ಆದರೆ ಗೋಕರ್ಣದ ಕಾರುಗಳೆಲ್ಲ ನಮ್ಮ ಕೇರಿಗೆ ನುಗ್ಗುತ್ತವೆ ಅನ್ನುವವರೂ ಊರಲ್ಲಿದ್ದಾರೆ, ಅವರ ಮಾತೂ ಸುಳ್ಳಲ್ಲ. ಅದನ್ನೆಲ್ಲ ನೋಡಿಕೊಂಡು ಏನಾದರೂ ಒಂದು ಮಾಡಲಿ. ಹಲಗೆಯನ್ನಂತೂ ನಾಳೆಯೇ ಬದಲಿಸಲಿ, ಅದಕ್ಕೆ ಟೆಂಡರ್ ಗಿಂಡರ್ ಅಂತ ಕಾಯಿಸಬೇಡಿ. ಮತ್ತೆ, ಆರ್ಡರಿಗೆ ಸಹಿ ಹಾಕಿದ ಸಾಹೇಬರು ಒಂದು ಸಲ ಈ ಕಡೆ ಬಂದು ಹೋಗಲಿ. ಜೀಪಿನಲ್ಲಲ್ಲ, ಸ್ಕೂಟರ್ ತರಲಿ. ಇಳಿತದ ಹೊತ್ತಿಗೇ ಬರಲಿ. ಹ್ಯಾಂಡಲ್ ಅವರೇ ಹಿಡಿಯಲಿ, ಹಿಂದೆ ನಿಂತು ಕೂಗುವ ಕೆಲಸ ನಾನು ಮಾಡುತ್ತೇನೆ.

– ಒಬ್ಬ ತಾರಿ ಪ್ರಯಾಣಿಕ, ಅಘನಾಶಿನಿ