‘ಅಪ್ಪನ ಎದೆಯೇ ಅಲ್ವಾ ದೊಡ್ಡಪ್ಪ?’

ಪುಟ್ಟೀ,

ನಿನ್ನ ಕಾಗದ ಬಂದು ಒಂಬತ್ತು ದಿನವಾಯಿತು. ನಾಲ್ಕು ಸಲ ಬರೆಯಲು ಕೂತು ಎದ್ದಿದ್ದೇನೆ. ಹೊಲ ಗುತ್ತಿಗೆಗೆ ಕೊಡುವ ವಿಚಾರ, ತಮ್ಮನ ಓದು, ನಿಮ್ಮಮ್ಮನ ನಿದ್ದೆ, ಇದನ್ನೆಲ್ಲ ಫೋನಿನಲ್ಲೇ ಮಾತಾಡಿದ್ದೇವೆ. ನಿಮ್ಮಪ್ಪ ಹೋದ ಆ ದಿನದ ಸಂಗತಿಯನ್ನು ನಾವಿಬ್ಬರೂ ಮತ್ತೆ ಬರೆದುಕೊಳ್ಳಬೇಕಾಗಿಲ್ಲ. ಆದರೆ ಸಹಿಯ ಮೇಲೆ ಸಣ್ಣ ಅಕ್ಷರದಲ್ಲಿ ಸೇರಿಸಿದ್ದೀಯಲ್ಲ, ‘ಮೆಟ್ಟಿಲು ಹತ್ತಿದರೂ ಬಡಿತ ಎಣಿಸ್ತೀನಿ. ಓಡೋದು ಬಿಟ್ಟೆ. ನನ್ನೊಳಗೆ ಇರೋದೂ ಅಪ್ಪನ ಎದೆಯೇ ಅಲ್ವಾ ದೊಡ್ಡಪ್ಪ?’ ಅಂತ, ಆ ಸಾಲು ನನ್ನನ್ನು ಮಲಗಲು ಬಿಡುತ್ತಿಲ್ಲ.

‘ಹಾಗೇನಿಲ್ಲ ಬಿಡು’ ಅಂತ ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು. ಅಂಥ ಮಾತು ಹೇಳಿ ಏನಾಯಿತು ಅಂತ ನನಗೆ ಗೊತ್ತು. ಅಲ್ಲಿಗೆ ಆಮೇಲೆ ಬರುತ್ತೇನೆ, ಧೈರ್ಯ ಬಂದರೆ.

ನಿಮ್ಮಪ್ಪ ಓಟ ಕಲಿತದ್ದು ನನ್ನಿಂದ. ಹಾಗಂದರೆ ನಾನು ಕಲಿಸಿದೆ ಅಂತಲ್ಲ. ಮನೆಗೆಲ್ಲ ಇದ್ದದ್ದು ಒಂದು ಸೈಕಲ್ಲು. ದೊಡ್ಡವನು ಅಂತ ಅದು ನನ್ನದು. ಬೆಳಿಗ್ಗೆ ಹಾಲು ಕರೆದು ಮುಗಿಸುವ ಹೊತ್ತಿಗೆ ಶಾಲೆಗೆ ತಡವಾಗಿರುತ್ತಿತ್ತು. ನಾನು ಪೆಡಲ್ ತುಳಿದರೆ ಅವನು ಪಕ್ಕದಲ್ಲಿ ಚೀಲ ಎದೆಗವಚಿಕೊಂಡು ಓಡುತ್ತಿದ್ದ. ಹಿಂದೆ ಕೂರು ಅಂದರೆ ಒಪ್ಪುತ್ತಿರಲಿಲ್ಲ ಅಂತ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಕೂರು ಅಂತ ನಾನು ಕರೆದದ್ದು ಕಡಿಮೆ, ಪುಟ್ಟೀ.

ಆಮೇಲೆ ನಾನು ನೌಕರಿ ಹಿಡಿದೆ, ಹೊಲ ಅವನ ತಲೆಗೆ ಬಂತು. ಓಟವನ್ನು ಮಾತ್ರ ಬಿಡಲಿಲ್ಲ. ನೀರು ತಿರುಗಿಸಿ ಬಂದು, ನೀವೆಲ್ಲ ಏಳುವ ಮೊದಲು, ಬದುವಿನ ಮೇಲೆ ಓಡುತ್ತಿದ್ದ. ಹದಿನಾರು ಸುತ್ತಿಗೆ ಹತ್ತು ಕಿಲೋಮೀಟರ್ ಅಂತ ಹಗ್ಗ ಹಿಡಿದು ಅಳೆದಿಟ್ಟಿದ್ದ. ಪೈರು ಎದ್ದ ತಿಂಗಳಲ್ಲಿ ಬರೀ ಅವನ ತಲೆ ತೇಲಿಹೋದ ಹಾಗೆ ಕಾಣುತ್ತಿತ್ತು. ಮ್ಯಾರಥಾನ್ ಅಂದರೆ 42.195 ಕಿಲೋಮೀಟರ್ ಅಂತ ಹೇಳಿದಾಗ, ಆ 195 ಮೀಟರ್ ಯಾಕೆ ಅಂತ ಕೇಳಿದೆ. 1908ರ ಲಂಡನ್ ಒಲಿಂಪಿಕ್ಸಿನಲ್ಲಿ ಅಷ್ಟು ಓಡಿಸಿದರು, 1921ರಲ್ಲಿ ಅದೇ ನಿಯಮವಾಯಿತು ಅಂದ. ಹೊಲದ ಅಳತೆಯಲ್ಲಿ ಇಂಥ ಸೊಟ್ಟ ಲೆಕ್ಕ ಬಂದಿದ್ದರೆ ಸರ್ವೆಯವರ ಜೊತೆ ಜಗಳಕ್ಕೇ ನಿಲ್ಲುತ್ತಿದ್ದ.

ಕ್ಲಿಫ್ ಯಂಗ್ ಕತೆಯನ್ನು ಅವನಿಗೆ ಹೇಳಿದವನು ನಾನೇ. ಆಸ್ಟ್ರೇಲಿಯಾದಲ್ಲಿ ಆಲೂಗಡ್ಡೆ ಬೆಳೆಯುತ್ತಿದ್ದ ರೈತ. ಗಮ್‌ಬೂಟು ಹಾಕಿಕೊಂಡು ಕುರಿಗಳ ಹಿಂದೆ ಓಡಿ ಓಡಿಯೇ ಅಭ್ಯಾಸವಾದವನು. 1983ರಲ್ಲಿ, 61ನೇ ವಯಸ್ಸಿನಲ್ಲಿ, ಸಿಡ್ನಿಯಿಂದ ಮೆಲ್ಬರ್ನ್‌ಗೆ 875 ಕಿಲೋಮೀಟರನ್ನು 5 ದಿನ 15 ಗಂಟೆಯಲ್ಲಿ ಓಡಿ ಗೆದ್ದ. ನಾನು ಉಬ್ಬಿ ಉಬ್ಬಿ ಹೇಳಿ ಮುಗಿಸಿದರೆ ನಿಮ್ಮಪ್ಪ ಕೇಳಿದ್ದು ಒಂದೇ: ‘ಆ ಐದು ದಿನ ಅವನ ಹೊಲ ಯಾರು ನೋಡಿಕೊಂಡರು?’ ಅವನ ಬದುಕೇ ಹಾಗೆ ಇತ್ತು. ಎಷ್ಟೋ ಓಟಗಳಿಗೆ ಹೆಸರು ಕೊಟ್ಟು ಹೋಗದೆ ಉಳಿದ. ಒಂದು ಸಲ ಕೊಯ್ಲು, ಒಂದು ಸಲ ಅಮ್ಮನ ಕಾಲು, ಒಂದು ಸಲ ನಿನಗೆ ಜ್ವರ. ಜ್ವರ ಮೂರನೇ ದಿನಕ್ಕೆ ಇಳಿಯಿತು. ಓಟ ತಪ್ಪಿತು ಅಂತ ಅವನು ಯಾರ ಮುಂದೆಯೂ ಅಂದದ್ದು ನೆನಪಿಲ್ಲ.

ಎದೆಯ ಮಾತಿಗೆ ಬರಬೇಕು. ಸುತ್ತಿ ಬಳಸುತ್ತಿದ್ದೇನೆ, ನಿನಗೆ ಗೊತ್ತಾಗಿರುತ್ತೆ.

ಸುಮ್ಮನೆ ಕೂತಾಗ ಅವನ ನಾಡಿ ನಿಮಿಷಕ್ಕೆ 46 ಹೊಡೆಯುತ್ತಿತ್ತು. ನನ್ನದು 80. ಹಬ್ಬಕ್ಕೆ ಸೇರಿದಾಗಲೆಲ್ಲ ಮಣಿಕಟ್ಟು ಹಿಡಿದು ಎಣಿಸಿ ನಗುತ್ತಿದ್ದೆವು. ನಾಡಿ ನಿಧಾನ ಇದ್ದರೆ ರಕ್ತನಾಳವೂ ಚೊಕ್ಕಟ ಇರುತ್ತೆ ಅಂತ ಇಬ್ಬರೂ ನಂಬಿದ್ದೆವು. ಅದು ತಪ್ಪು. ನಾಡಿ ಹೇಳುವುದು ಎದೆಯ ಪಳಗಿದ ಕಸುವನ್ನು. ಒಳಗೆ ಕಟ್ಟಿಕೊಳ್ಳುವ ಕೊಬ್ಬು ಬೇರೆಯೇ ವಿಚಾರ. ಕೆಲವು ಮನೆತನಗಳಲ್ಲಿ ಅದು ರಕ್ತದಲ್ಲೇ ಇಳಿದು ಬರುತ್ತೆ, ಎಷ್ಟು ಓಡಿದರೂ ಪೂರ್ತಿ ಕರಗುವುದಿಲ್ಲ.

ಜಿಮ್ ಫಿಕ್ಸ್ ಅಂತ ಅಮೆರಿಕದವನೊಬ್ಬ, ಓಟದ ಬಗ್ಗೆ ಬರೆದು ಲಕ್ಷಾಂತರ ಜನರನ್ನು ರಸ್ತೆಗಿಳಿಸಿದವನು. ಅವರಪ್ಪನಿಗೆ 35ಕ್ಕೆ ಹಾರ್ಟ್ ಅಟ್ಯಾಕ್, 43ಕ್ಕೆ ಸಾವು. ಇವನು 35ರ ಸುಮಾರಿಗೆ ಸಿಗರೇಟು ಬಿಟ್ಟು, ಮೈ ಇಳಿಸಿ, ಓಡಲು ಶುರುಮಾಡಿದ. 1984ರಲ್ಲಿ ಓಡುವಾಗಲೇ ಹೋದ, 52 ವರ್ಷ. ನೋಡಿದರೆ ರಕ್ತನಾಳಗಳು ಕಟ್ಟಿಕೊಂಡಿದ್ದವು. ಓಟವೇ ಕೊಂದಿತು ಅಂತ ಆಗ ಜನ ಆಡಿಕೊಂಡರು, ಈಗ ನಮ್ಮ ಮನೆಯ ಬಗ್ಗೆ ಆಡಿಕೊಳ್ಳುವ ಹಾಗೆ. ಅಪ್ಪನಿಗಿಂತ ಒಂಬತ್ತು ವರ್ಷ ಹೆಚ್ಚು ಬದುಕಿದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಾಗಾಗಿ ನಿನ್ನ ಪ್ರಶ್ನೆಗೆ ಉತ್ತರ: ಇರಬಹುದು, ಪುಟ್ಟೀ. ಅವನ ಎದೆಯೇ ಇರಬಹುದು. ನನ್ನೊಳಗಂತೂ ಅದೇ ಇದೆ.

ಇದನ್ನು ನಿಮ್ಮ ಮನೆಯಲ್ಲಿ ಯಾರಿಗೂ ಹೇಳಿಲ್ಲ. ನಿಮ್ಮಪ್ಪ ಹೋಗುವುದಕ್ಕೆ ಎರಡು ವರ್ಷ ಮೊದಲು ನನಗೆ ಸ್ಟೆಂಟ್ ಹಾಕಿದರು. ಆಫೀಸಿನ ಟ್ರೈನಿಂಗ್ ಅಂತ ಹೇಳಿದ್ದೆನಲ್ಲ, ಆ ವಾರ. ಡಿಸ್ಚಾರ್ಜ್ ಮಾಡುವಾಗ ಡಾಕ್ಟರು ‘ಒಡಹುಟ್ಟಿದವರು ಇದ್ದರೆ ಅವರಿಗೂ ಒಮ್ಮೆ ತೋರಿಸೋಕೆ ಹೇಳಿ’ ಅಂದರು. ತಲೆಯಾಡಿಸಿದೆ. ಕೊಯ್ಲು ನಡೆದಿತ್ತು, ಗಾಬರಿ ಬೇಡ, ಮುಗಿಯಲಿ ಅಂದುಕೊಂಡೆ. ಕೊಯ್ಲು ಮುಗಿಯಿತು. ಮುಂದಿನ ಬಿತ್ತನೆಯೂ ಆಯಿತು.

ಒಂದು ಸಂಜೆ ಬದುವಿನ ಮೇಲೆ ಕೂತಿದ್ದಾಗ ಅವನೇ ತೆಗೆದ. ‘ದಿಣ್ಣೆ ಹತ್ತುವಾಗ ಎದೆ ಹಿಡಿದ ಹಾಗಾಗುತ್ತೆ ಕಣಣ್ಣ, ನಿಂತರೆ ಹೋಗುತ್ತೆ. ಗ್ಯಾಸ್ ಇರಬೇಕು.’ ನನ್ನ ಜೇಬಿನಲ್ಲಿ ನನ್ನ ಮಾತ್ರೆಗಳಿದ್ದವು. ‘ಹೂಂ, ಗ್ಯಾಸೇ. ಹೊತ್ತಿಗೆ ಸರಿಯಾಗಿ ಉಣ್ಣು’ ಅಂದೆ. ಅಲ್ಲ ಅಂದಿದ್ದರೆ ನಿನಗೆ ಹೇಗೆ ಗೊತ್ತು ಅಂತ ಕೇಳುತ್ತಿದ್ದ.

ಅದಕ್ಕೇ ನಿನಗೆ ಬುದ್ಧಿ ಹೇಳಲು ನನಗೆ ಬಾಯಿಲ್ಲ. ಆದರೂ ಬರೆಯುತ್ತೇನೆ, ಬೈದುಕೊಂಡೇ ಓದು. ಒಬ್ಬ ಹೃದಯದ ಡಾಕ್ಟರ ಹತ್ತಿರ ಹೋಗು. ಅಪ್ಪ 53ಕ್ಕೆ ಹೋದರು ಅಂತ ವಯಸ್ಸು ಸಮೇತ ಹೇಳು. ತಂದೆಗೋ ಅಣ್ಣತಮ್ಮಂದಿರಿಗೋ 55ರೊಳಗೆ ಹೀಗಾಗಿದ್ದರೆ ಅವರು ಅದನ್ನು ಬೇರೆ ಕಣ್ಣಿನಿಂದಲೇ ನೋಡುತ್ತಾರೆ. ಇಸಿಜಿ ನಾರ್ಮಲ್ ಬಂತು ಅಂತ ಅಷ್ಟಕ್ಕೇ ಎದ್ದು ಬರಬೇಡ, ಇನ್ನೇನಾದರೂ ಬೇಕಾ ಅಂತ ಕೇಳು. ಕೊಲೆಸ್ಟ್ರಾಲ್, ಬಿಪಿ, ಸಕ್ಕರೆ ಹೇಗೂ ನೋಡುತ್ತಾರೆ. ತಮ್ಮನನ್ನೂ ಕರೆದುಕೊಂಡು ಹೋಗು, ನನಗೇನೂ ಆಗಿಲ್ಲ ಅನ್ನುತ್ತಾನೆ, ಬಿಡಬೇಡ. ಅಲ್ಲಿಯವರೆಗೆ ನಿಧಾನವಾಗಿ ನಡೆ. ಓಡುವ ಮಾತು ಡಾಕ್ಟರು ಹೇಳಲಿ, ನಾನು ಹೇಳಿದರೆ ಅದಕ್ಕೆ ಬೆಲೆಯಿಲ್ಲ.

ಮೆಟ್ಟಿಲ ಮೇಲೆ ಬಡಿತ ಎಣಿಸುವುದನ್ನು ಮಾತ್ರ ಬಿಡು. ನಾನೂ ಎರಡು ವರ್ಷ ಎಣಿಸಿದ್ದೇನೆ. ಎಣಿಸಿದಷ್ಟೂ ಅದು ಜೋರಾಗುತ್ತೆ.

ಪಂಜಾಬಿನ ರೈತ ಫೌಜಾ ಸಿಂಗ್ ಬಗ್ಗೆ ನೀನೇ ನನಗೆ ತೋರಿಸಿದ್ದೆ. 1994ರಲ್ಲಿ ಮಗನನ್ನು ಕಳೆದುಕೊಂಡ ಮೇಲೆ ಓಟಕ್ಕೆ ಬಿದ್ದವರು. 2011ರಲ್ಲಿ ಟೊರಾಂಟೊದಲ್ಲಿ ಮ್ಯಾರಥಾನ್ ಮುಗಿಸಿದಾಗ ಪಾಸ್‌ಪೋರ್ಟಿನ ಲೆಕ್ಕಕ್ಕೆ ನೂರು. ಕಳೆದುಕೊಂಡದ್ದನ್ನು ಹೊತ್ತುಕೊಂಡೇ ಓಡಿದರು ಅಂತ ಆಗ ನೀನು ಅಂದೆ. 2025ರಲ್ಲಿ ಅವರನ್ನು ಒಯ್ದದ್ದು ಎದೆಯಲ್ಲ, ರಸ್ತೆಯಲ್ಲಿ ಗುದ್ದಿದ ವಾಹನ. ಇದನ್ನು ಸಮಾಧಾನ ಅಂತ ಬರೆದೆನೋ ಏನೋ, ಓದಿದರೆ ಹಾಗೆ ಕಾಣುತ್ತಿಲ್ಲ. ಇರಲಿ, ಹೊಡೆದು ಹಾಕುವುದಿಲ್ಲ.

ನನ್ನ ಆಂಜಿಯೋಗ್ರಾಮ್ ರಿಪೋರ್ಟಿನ ಜೆರಾಕ್ಸ್ ಇದರ ಜೊತೆ ಇಟ್ಟಿದ್ದೇನೆ, ಡಾಕ್ಟರಿಗೆ ತೋರಿಸು. ತಾರೀಕು ನೋಡಿದರೆ ನಿನಗೆ ಎಲ್ಲ ಗೊತ್ತಾಗುತ್ತೆ. ನಿಮ್ಮಮ್ಮನಿಗೆ ಈಗಲೇ ತೋರಿಸಬೇಡ.

ಇಲ್ಲ, ತೋರಿಸು.

ನಿನ್ನ ದೊಡ್ಡಪ್ಪ